ಸೀಟು ಯಾರಿಗೆ? ಹಲವು ಮಾನದಂಡ, ಒಂದು ತೀರ್ಮಾನ

ಒಬ್ಬ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳು ಬಂದಿವೆ. ಆದರೆ ನಾಲ್ಕು ಜನರ ಮುಂದೆ ಮಾತನಾಡಲು ಸಂಕೋಚ. ಇನ್ನೊಬ್ಬಳಿಗೆ ಅಂಕಗಳು ಸ್ವಲ್ಪ ಕಡಿಮೆ. ಆದರೆ ಎನ್‌ಸಿಸಿಯಲ್ಲಿ ಹೆಸರು ಮಾಡಿದ್ದಾಳೆ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗಳಿಸಿದ್ದಾಳೆ. ಇರುವುದು ಒಂದೇ ಸೀಟು. ನೀವಾದರೆ ಅದನ್ನು ಯಾರಿಗೆ ಕೊಡುತ್ತೀರಿ?

ನಿಮ್ಮ ಉತ್ತರ ಏನೇ ಇರಲಿ, ಆ ಉತ್ತರಕ್ಕೆ ನೀವು ಬಂದ ದಾರಿಯನ್ನು ಒಮ್ಮೆ ಗಮನಿಸಿ. ಅಂಕಕ್ಕೆ ಎಷ್ಟು ಬೆಲೆ ಕೊಟ್ಟಿರಿ? ಮಾತುಗಾರಿಕೆಗೆ ಎಷ್ಟು? ನಾಳೆ ಇಂಥದೇ ಇನ್ನೊಂದು ಜೋಡಿ ನಿಮ್ಮ ಮುಂದೆ ಬಂದರೆ ಅದೇ ಲೆಕ್ಕವನ್ನು ಮತ್ತೆ ಮಾಡುತ್ತೀರಾ? ನೂರನೆಯ ಜೋಡಿಗೆ? ಹಲವು ಮಾನದಂಡಗಳನ್ನು ಒಟ್ಟಿಗೆ ತೂಗಿ ತೀರ್ಮಾನ ಹೇಳುವುದು ಮನುಷ್ಯನಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಮನೋವಿಜ್ಞಾನ ಮತ್ತು ಸಂಖ್ಯಾಶಾಸ್ತ್ರಗಳೆರಡಕ್ಕೂ ಸೇರಿದ ಪ್ರಶ್ನೆ. ನಮ್ಮ ರಾಜ್ಯದ ಮಟ್ಟಿಗೆ ಅದು ಸಾವಿರಾರು ಮನೆಗಳ ಪ್ರಶ್ನೆಯೂ ಹೌದು. ಬೆಂಗಳೂರಿನ ಮೂರು ಹಳೆಯ ಬಡಾವಣೆಗಳು ಈ ಕಥೆಯಲ್ಲಿ ಬರುತ್ತವೆ.

ಮೂರು ಬಡಾವಣೆಗಳು

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯ ಅಂಚಿನಲ್ಲಿ, ಕೋಟೆಯ ಬಳಿ ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳಿವೆ. ಅವುಗಳ ಪಕ್ಕದಲ್ಲಿ 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಆರಂಭವಾಯಿತು. 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬಸವನಗುಡಿಯಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ, 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು ಇದೆ. ಅದೇ ಕಾಲದಲ್ಲಿ ಬೆಳೆದ ಮಲ್ಲೇಶ್ವರದ ಸಂಪಿಗೆ ರಸ್ತೆಯ ಹದಿನೆಂಟನೇ ಅಡ್ಡರಸ್ತೆಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿ ಇದೆ. ಹಿಂದೆ ಎಲ್ಲರೂ 'ಸಿಇಟಿ ಸೆಲ್' ಎನ್ನುತ್ತಿದ್ದುದು ಇದನ್ನೇ. ಮೊದಲಿನ ಎರಡು ಕಡೆ ಸೀಟುಗಳಿವೆ. ಆ ಸೀಟು ಯಾರಿಗೆ ಎಂಬ ಲೆಕ್ಕ ನಡೆಯುವುದು ಮೂರನೆಯ ಕಡೆ. ಆದರೆ ಈ ಲೆಕ್ಕ ಮೊದಲಿನಿಂದಲೂ ಹೀಗಿರಲಿಲ್ಲ.

1963ರ ಸೂತ್ರ

ಅರವತ್ತರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಪ್ರವೇಶ ದೊಡ್ಡ ವಿವಾದದ ವಿಷಯವಾಗಿತ್ತು. 1962ರಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶೇಕಡಾ 68ರಷ್ಟು ಸೀಟುಗಳನ್ನು ಮೀಸಲಿಟ್ಟಿದ್ದ ರಾಜ್ಯದ ಆದೇಶವನ್ನು ರದ್ದುಪಡಿಸಿತು. ಮರುವರ್ಷ ಸರ್ಕಾರ ಹೊಸ ಆದೇಶಗಳನ್ನು ಹೊರಡಿಸಿತು. ಅವುಗಳಲ್ಲಿ ಎರಡು ಬಗೆಯ ತೀರ್ಮಾನ ಸೂತ್ರಗಳಿದ್ದುದನ್ನು ನಾವು ಗಮನಿಸಬೇಕು.

ಮೊದಲನೆಯದು, ಹಿಂದುಳಿದವರು ಯಾರು ಎಂದು ಗುರುತಿಸುವ ಸೂತ್ರ. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಜೊತೆಗೆ ವೃತ್ತಿಯು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕುಶಲಕರ್ಮ ಅಥವಾ ಮೈಮುರಿದು ಮಾಡುವ ಇತರ ಕೆಲಸ ಆಗಿರಬೇಕು. ಇದು 'ಅದೂ ಇರಬೇಕು, ಇದೂ ಇರಬೇಕು' ಎಂಬ ಬಗೆಯ ಸೂತ್ರ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಇಂಥ ಸೂತ್ರವನ್ನು ಹತ್ತು ಮಂದಿ ಗುಮಾಸ್ತರ ಕೈಗೆ ಕೊಟ್ಟರೂ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ.

ಎರಡನೆಯದು, ಅರ್ಹರಲ್ಲಿ ಮುಂದಿರುವವರು ಯಾರು ಎಂದು ನಿರ್ಧರಿಸುವ ಸೂತ್ರ. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಡಲಾಯಿತು. ಸಂದರ್ಶನದಲ್ಲಿ ಐದು ಬಾಬತ್ತುಗಳನ್ನು ನೋಡಬೇಕಿತ್ತು: ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದ ಸಾಧನೆ, ಎನ್‌ಸಿಸಿ ಮುಂತಾದವು, ಆಟೋಟ, ಸಮಾಜಸೇವೆ, ಚರ್ಚೆ, ನಾಟಕದಂಥ ಪಠ್ಯೇತರ ಚಟುವಟಿಕೆಗಳು. ಇವನ್ನೆಲ್ಲ ಆಯ್ಕೆ ಸಮಿತಿಯ ಸದಸ್ಯರು ಮನಸ್ಸಿನಲ್ಲಿಯೇ ತೂಗಿ ಅಂಕ ಕೊಡಬೇಕು. ಆ ಅಂಕವನ್ನು ಪರೀಕ್ಷೆಯ ಅಂಕಕ್ಕೆ ಕೂಡಬೇಕು.

ಇದರ ವಿರುದ್ಧ ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ಹೈಕೋರ್ಟು ಸರ್ಕಾರದ ಆದೇಶಗಳನ್ನು ಬಹುಮಟ್ಟಿಗೆ ಒಪ್ಪಿದರೂ ಸಂದರ್ಶನ ನಡೆದ ರೀತಿಯಲ್ಲಿ ದೋಷಗಳಿವೆ ಎಂದು ಹೇಳಿ, ನಿಗದಿಯಾದ ಕ್ರಮದಂತೆ ಹೊಸದಾಗಿ ಸಂದರ್ಶನ ನಡೆಸಲು ಸೂಚಿಸಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು. 'ಆರ್. ಚಿತ್ರಲೇಖ ವಿರುದ್ಧ ಮೈಸೂರು ರಾಜ್ಯ' ಎಂಬ ಹೆಸರಿನ ಈ ಪ್ರಕರಣದಲ್ಲಿ 1964ರ ಜನವರಿಯಲ್ಲಿ ತೀರ್ಪು ಬಂದಿತು. ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಸುಬ್ಬರಾವ್ ಬರೆದರು. ಸಂದರ್ಶನವೂ ಒಂದು ಮಾನ್ಯ ವಿಧಾನವೇ; ಅದು ದುರುಪಯೋಗವಾಗಬಹುದು ಎಂಬ ಕಾರಣಕ್ಕೆ ವಿಧಾನವನ್ನೇ ತಳ್ಳಿಹಾಕಲಾಗದು ಎಂಬುದು ಅದರ ಸಾರ. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನ ತೀರ್ಪು ಕೊಟ್ಟರು.

ನ್ಯಾಯಾಲಯದ ಮುಂದಿದ್ದುದು ಕಾನೂನಿನ ಪ್ರಶ್ನೆ. ಅದರೊಳಗೆ ವಿಜ್ಞಾನದ ಪ್ರಶ್ನೆಯೂ ಅಡಗಿತ್ತು: ಐದು ಬಾಬತ್ತುಗಳನ್ನು ಮನಸ್ಸಿನಲ್ಲಿ ತೂಗಿ, ನೂರಾರು ಅಭ್ಯರ್ಥಿಗಳಿಗೆ ಒಂದೇ ರೀತಿಯಲ್ಲಿ ಅಂಕ ಕೊಡಲು ಯಾರಿಂದಲಾದರೂ ಸಾಧ್ಯವೇ?

ಹೇಳಿದ ತೂಕ, ಬಿದ್ದ ತೂಕ

ಮೊದಲು ಕೂಡುಲೆಕ್ಕದಲ್ಲೇ ಇರುವ ಒಂದು ಸೂಕ್ಷ್ಮವನ್ನು ನೋಡೋಣ. ಐಚ್ಛಿಕ ವಿಷಯಗಳಿಗೆ ಒಟ್ಟು 300 ಅಂಕ ಎಂದುಕೊಳ್ಳಿ. ಆಗ ಸಂದರ್ಶನಕ್ಕೆ 75. ಕಾಗದದ ಮೇಲೆ ಸಂದರ್ಶನದ ಪಾಲು ಐದರಲ್ಲಿ ಒಂದು ಮಾತ್ರ. ಈಗ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. ಸೀಟಿನ ಅಂಚಿನಲ್ಲಿರುವ ಅಭ್ಯರ್ಥಿಗಳ ಪರೀಕ್ಷಾ ಅಂಕಗಳು 225ರಿಂದ 255ರೊಳಗೆ ಇವೆ. ಸಂದರ್ಶನದ ಅಂಕಗಳು ಮಾತ್ರ 15ರಿಂದ 65ರವರೆಗೆ ಹರಡಿವೆ. 255 ಅಂಕ ಪಡೆದವನಿಗೆ ಸಂದರ್ಶನದಲ್ಲಿ 20 ಬಂದರೆ ಮೊತ್ತ 275. 225 ಪಡೆದವನಿಗೆ ಸಂದರ್ಶನದಲ್ಲಿ 60 ಬಂದರೆ ಮೊತ್ತ 285. ಎರಡನೆಯವನೇ ಮುಂದೆ.

ಇಲ್ಲಿ ನಡೆದದ್ದು ಏನು? ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ಬಂದಿರುವ ಅಂಕವು ಅಭ್ಯರ್ಥಿಗಳನ್ನು ಬೇರ್ಪಡಿಸುವುದಿಲ್ಲ. ಹೆಚ್ಚು ಹರವಿರುವ ಅಂಕವೇ ಬೇರ್ಪಡಿಸುತ್ತದೆ. ಆದ್ದರಿಂದ ಒಂದು ಮಾನದಂಡದ ನಿಜವಾದ ತೂಕವನ್ನು ನಿರ್ಧರಿಸುವುದು ಅದರ ಗರಿಷ್ಠ ಅಂಕವಲ್ಲ, ಅದರ ಹರವು. ಸಂಖ್ಯಾಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದರ ಮಾನಕ ವಿಚಲನೆ. ಐದರಲ್ಲಿ ಒಂದು ಪಾಲು ಎಂದು ಆದೇಶದಲ್ಲಿ ಬರೆದದ್ದು, ಸೀಟಿನ ಅಂಚಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲಾಗಿ ಕೆಲಸ ಮಾಡಬಹುದು. ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಕೂಡುವ ಪ್ರತಿಯೊಬ್ಬ ಅಧ್ಯಾಪಕರೂ ನೆನಪಿಡಬೇಕಾದ ಸಂಗತಿ ಇದು.

ಈ ಅಪಾಯವನ್ನು ನ್ಯಾಯಾಲಯಗಳು ಮುಂದೆ ಗುರುತಿಸಿದವು. ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕಗಳಿದ್ದವು. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತಿತ್ತು ಎಂಬ ದೂರು ಇತ್ತು. 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಸಮಂಜಸವಲ್ಲ ಎಂದು ಹೇಳಿತು.

ತಜ್ಞರ ಮನಸ್ಸು ಮತ್ತು ಕೂಡುಲೆಕ್ಕ

ಹಲವು ಅಂಶಗಳನ್ನು ಕಾಗದದ ಮೇಲೆ ತೂಗಬೇಕು ಎಂಬ ಸಲಹೆ ಹಳೆಯದು. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಗೆಳೆಯ, ರಸಾಯನವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಒಂದು ಉಪಾಯ ಹೇಳಿದ್ದಾನೆ. ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಅನುಕೂಲಗಳನ್ನೂ ಇನ್ನೊಂದು ಕಡೆ ಅನನುಕೂಲಗಳನ್ನೂ ಬರೆದು, ಸಮತೂಕದವನ್ನು ಎದುರುಬದುರು ಹೊಡೆದುಹಾಕುತ್ತ ಹೋದರೆ ತಕ್ಕಡಿ ಎತ್ತ ವಾಲುತ್ತದೆ ಎಂಬುದು ಕಾಣುತ್ತದೆ. ಫ್ರಾಂಕ್ಲಿನ್ ಕೊಟ್ಟ ಕಾರಣ ಮುಖ್ಯವಾದುದು: ಎಲ್ಲ ಕಾರಣಗಳೂ ಒಂದೇ ಹೊತ್ತಿಗೆ ನಮ್ಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಒಂದು ಬಂದಾಗ ಇನ್ನೊಂದು ಮರೆಯಾಗುತ್ತದೆ.

ಮನಸ್ಸಿನ ಈ ಮಿತಿಯನ್ನು ಅಳೆಯುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್, ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ನಡತೆ ಎಂಬ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಕೊಟ್ಟ ಅಂಕಗಳನ್ನು ಪರಿಶೀಲಿಸಿದ. ಆ ಅಂಕಗಳು ಒಂದಕ್ಕೊಂದು ನಂಬಲಾಗದಷ್ಟು ಹೊಂದಿಕೊಂಡಿದ್ದವು. ಅಧಿಕಾರಿಯ ಮನಸ್ಸಿಗೆ ಒಟ್ಟಾರೆ ಹಿಡಿಸಿದವನಿಗೆ ಎಲ್ಲ ಶೀರ್ಷಿಕೆಯಲ್ಲೂ ಹೆಚ್ಚು ಅಂಕ. ಇದನ್ನು ಪ್ರಭಾವಳಿ ಪರಿಣಾಮ ಎನ್ನುತ್ತಾರೆ. ನಮ್ಮ 1963ರ ಐದು ಬಾಬತ್ತುಗಳನ್ನು ಈಗ ಮತ್ತೊಮ್ಮೆ ನೆನಪಿಸಿಕೊಳ್ಳಿ. ಬಾಗಿಲು ತೆರೆದು ಒಳಬಂದ ರೀತಿಯೊಂದೇ ಐದೂ ಬಾಬತ್ತಿನ ಅಂಕವನ್ನು ಎಳೆದುಬಿಡುವ ಸಾಧ್ಯತೆ ಇತ್ತು.

1954ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಪಾಲ್ ಮೀಲ್ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಒಂದೇ ಮಾಹಿತಿಯನ್ನು ಇಟ್ಟುಕೊಂಡು ತಜ್ಞನು ತನ್ನ ಅನುಭವದಿಂದ ಹೇಳಿದ ಭವಿಷ್ಯ ಹೆಚ್ಚು ಸರಿಯೋ, ಸರಳ ಸಂಖ್ಯಾಸೂತ್ರ ಹೇಳಿದ್ದು ಹೆಚ್ಚು ಸರಿಯೋ ಎಂದು ಹೋಲಿಸಿದ ಸುಮಾರು 20 ಅಧ್ಯಯನಗಳನ್ನು ಅವನು ಒಟ್ಟುಗೂಡಿಸಿದ್ದ. ಹೆಚ್ಚಿನವುಗಳಲ್ಲಿ ಸೂತ್ರ ತಜ್ಞನಿಗೆ ಸಮನಾಗಿತ್ತು ಅಥವಾ ಮೇಲಾಗಿತ್ತು. ಮುಂದೆ 136 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ 64ರಲ್ಲಿ ಸೂತ್ರ ಮುಂದಿತ್ತು, 64ರಲ್ಲಿ ಎರಡೂ ಸಮ, ತಜ್ಞರು ಮುಂದಿದ್ದುದು ಕೇವಲ 8ರಲ್ಲಿ.

ಪ್ರವೇಶ ಸಮಿತಿಗಳನ್ನೇ ಪರೀಕ್ಷೆಗೆ ಒಡ್ಡಿದವನು ರಾಬಿನ್ ಡಾಸ್. 1971ರಲ್ಲಿ ಅವನು ಆರಿಗನ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶವನ್ನು ಪರಿಶೀಲಿಸಿದ. ಸಮಿತಿಯು ಪ್ರವೇಶದ ಹೊತ್ತಿಗೆ ಕೊಟ್ಟ ಅಂದಾಜಿಗೂ, ಆ ವಿದ್ಯಾರ್ಥಿಗಳ ಬಗ್ಗೆ ವರ್ಷಗಳ ಅನಂತರ ಅಧ್ಯಾಪಕರು ಕೊಟ್ಟ ಅಭಿಪ್ರಾಯಕ್ಕೂ ಇದ್ದ ಸಹಸಂಬಂಧ 0.19 ಮಾತ್ರ. ಹಳೆಯ ಅಂಕ, ಪ್ರವೇಶ ಪರೀಕ್ಷೆಯ ಅಂಕ, ಓದಿದ ಕಾಲೇಜಿನ ಮಟ್ಟ ಈ ಮೂರನ್ನೇ ಕೂಡಿದ ಸೂತ್ರಕ್ಕೆ 0.38. 1979ರಲ್ಲಿ ಅವನು ಇನ್ನೂ ಅಚ್ಚರಿಯ ಸಂಗತಿಯೊಂದನ್ನು ತೋರಿಸಿದ. ತೂಕಗಳನ್ನು ನಾಜೂಕಾಗಿ ಲೆಕ್ಕಹಾಕುವುದೂ ಬೇಕಿಲ್ಲ. ಸರಿಯಾದ ಮಾನದಂಡಗಳನ್ನು ಆರಿಸಿ, ಹರವನ್ನು ಸಮಮಾಡಿ, ಎಲ್ಲಕ್ಕೂ ಸಮಾನ ತೂಕ ಕೊಟ್ಟು ಕೂಡಿದರೂ ಸಾಕು, ಫಲಿತಾಂಶ ಹೆಚ್ಚು ಕೆಡುವುದಿಲ್ಲ.

ತಜ್ಞ ಸೋಲುವುದೇಕೆ? ಅವನಿಗೆ ವಿಷಯ ಗೊತ್ತಿಲ್ಲ ಎಂದಲ್ಲ. 1970ರಲ್ಲಿ ಲೂಯಿಸ್ ಗೋಲ್ಡ್‌ಬರ್ಗ್ ನಡೆಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. 29 ಮಂದಿ ಮನೋಚಿಕಿತ್ಸಕರು 861 ರೋಗಿಗಳ ಬಗ್ಗೆ ನೀಡಿದ ತೀರ್ಮಾನಗಳಿಂದಲೇ ಪ್ರತಿಯೊಬ್ಬ ಚಿಕಿತ್ಸಕನ ತೂಕಗಳನ್ನು ಕಂಡುಹಿಡಿದು ಅವನದೇ ಒಂದು ಸೂತ್ರ ಮಾಡಿದರು. ಬಹುಪಾಲು ಪ್ರಸಂಗಗಳಲ್ಲಿ ಆ ಸೂತ್ರ ಅದನ್ನು ಕೊಟ್ಟ ಚಿಕಿತ್ಸಕನಿಗಿಂತ ಹೆಚ್ಚು ಸರಿಯಾಗಿತ್ತು! ಅಂದರೆ ತಜ್ಞನ ತಿಳಿವಳಿಕೆ ಸರಿಯಾಗಿಯೇ ಇತ್ತು. ಅದನ್ನು ಪ್ರತಿಸಲವೂ ಒಂದೇ ರೀತಿ ಅನ್ವಯಿಸುವುದು ಅವನಿಗೆ ಆಗುತ್ತಿರಲಿಲ್ಲ. ದಣಿವು, ಹಸಿವು, ಹಿಂದೆ ಬಂದ ಅಭ್ಯರ್ಥಿಯ ನೆನಪು ಇವೆಲ್ಲ ಮನುಷ್ಯನ ತಕ್ಕಡಿಯನ್ನು ಅಲುಗಿಸುತ್ತವೆ. ಸೂತ್ರಕ್ಕೆ ಹಸಿವಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಮಿತಿ ತಿರಸ್ಕರಿಸಿದವರು ಕಾಲೇಜಿಗೆ ಬಂದೇ ಇಲ್ಲವಲ್ಲ. ಅವರು ಹೇಗೆ ಓದುತ್ತಿದ್ದರು ಎಂದು ಹೇಳುವುದು ಹೇಗೆ? ಇದಕ್ಕೆ ಉತ್ತರ ಅನಿರೀಕ್ಷಿತವಾಗಿ ಸಿಕ್ಕಿತು. 1979ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ವೈದ್ಯಕೀಯ ಕಾಲೇಜೊಂದು ತನ್ನ 150 ವಿದ್ಯಾರ್ಥಿಗಳನ್ನು ಆರಿಸಿಕೊಂಡಾದ ಮೇಲೆ, ಇನ್ನೂ 50 ಮಂದಿಯನ್ನು ಸೇರಿಸಿಕೊಳ್ಳುವಂತೆ ಟೆಕ್ಸಾಸ್ ಶಾಸನಸಭೆ ಸೂಚಿಸಿತು. ಅಷ್ಟರಲ್ಲಿ ಉಳಿದಿದ್ದವರು ಸಂದರ್ಶನದ ನಂತರ ಪಟ್ಟಿಯ ಕೆಳಭಾಗಕ್ಕೆ ಬಿದ್ದವರು. ಅವರಲ್ಲಿಯೇ 50 ಮಂದಿಗೆ ಪ್ರವೇಶ ಕೊಡಬೇಕಾಯಿತು. 1987ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಓದಿನಲ್ಲಾಗಲಿ, ಮುಂದಿನ ತರಬೇತಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೇಲೆ, ಕೆಳಗೆ ಎಂದು ಸಂದರ್ಶನ ಮಾಡಿದ್ದ ವಿಂಗಡಣೆ ಮುಂದೆ ನಿಜವಾಗಲಿಲ್ಲ.

ಸಂದರ್ಶನದ ಕೊಠಡಿಯಿಂದ ಸಂಪಿಗೆ ರಸ್ತೆಗೆ

ಕರ್ನಾಟಕದಲ್ಲಿ ಬದಲಾವಣೆಗೆ ಕಾರಣವಾದದ್ದು ಈ ಸಂಶೋಧನೆಗಳಲ್ಲ, ಹಣದ ಹಾವಳಿ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯ 1984ರಲ್ಲಿ ತಂದಿತು. 1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದ್ದೇ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳಿಗೂ ಅರ್ಹತೆಯ ಆಧಾರದ ಮೇಲೆ ಪ್ರವೇಶದ ವ್ಯವಸ್ಥೆ ಹಾಕಿಕೊಟ್ಟಿತು. ಇದರ ಬೆನ್ನಿಗೇ 1994ರಲ್ಲಿ ಸಿಇಟಿ ಸೆಲ್ ಹುಟ್ಟಿತು. ಸಂದರ್ಶನ ಎಂಬುದು ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ.

ಇಂಜಿನಿಯರಿಂಗ್ ಶ್ರೇಯಾಂಕಕ್ಕೆ ನೆಲೆಗೊಂಡ ಸೂತ್ರ ಅತ್ಯಂತ ಸರಳ: ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಶೇಕಡಾವಾರು ಅಂಕ ಮತ್ತು ಅದೇ ವಿಷಯಗಳ ಸಿಇಟಿಯ ಶೇಕಡಾವಾರು ಅಂಕ, ಎರಡಕ್ಕೂ ಸಮಪಾಲು. ಇದು ಡಾಸ್ ಹೇಳಿದ ಸಮಾನ ತೂಕದ ಕೂಡುಲೆಕ್ಕವೇ. ಪಿಯುಸಿಯಲ್ಲಿ 300ಕ್ಕೆ 276 ಬಂದವನಿಗೆ ಶೇಕಡಾ 92, ಸಿಇಟಿಯಲ್ಲಿ 180ಕ್ಕೆ 117 ಬಂದರೆ ಶೇಕಡಾ 65, ಸರಾಸರಿ 78.5. ಇನ್ನೊಬ್ಬಳಿಗೆ ಪಿಯುಸಿಯಲ್ಲಿ 249, ಅಂದರೆ ಶೇಕಡಾ 83, ಸಿಇಟಿಯಲ್ಲಿ 135, ಅಂದರೆ ಶೇಕಡಾ 75, ಸರಾಸರಿ 79. ಅವಳೇ ಮುಂದೆ. ಈ ಲೆಕ್ಕವನ್ನು ಯಾವ ಊರಿನ ಯಾವ ವಿದ್ಯಾರ್ಥಿಯೂ ಮನೆಯಲ್ಲೇ ಕುಳಿತು ಮಾಡಿ ನೋಡಬಹುದು. 1963ರ ಅಭ್ಯರ್ಥಿಗೆ ಈ ಅವಕಾಶವಿರಲಿಲ್ಲ.

ಅಂಕದಲ್ಲಿ ಸೇರಿಸಲಾಗದ ಸಂಗತಿಗಳನ್ನು ಸೂತ್ರ ಹೇಗೆ ನಿಭಾಯಿಸಿತು ಎಂಬುದನ್ನೂ ನೋಡಿ. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸೀಟುಗಳು ಮೀಸಲಾದವು. 'ಹಳ್ಳಿಯಿಂದ ಬಂದಿದ್ದಾನೆ, ಎರಡು ಅಂಕ ಹೆಚ್ಚು ಕೊಡೋಣ' ಎಂಬ ತೀರ್ಮಾನವನ್ನು ಸಂದರ್ಶಕನ ಮರ್ಜಿಗೆ ಬಿಡದೆ, ಅದನ್ನು ಬಹಿರಂಗವಾದ ಪ್ರತ್ಯೇಕ ಸಾಲಾಗಿ ಮಾಡಲಾಯಿತು. ಆ ಪಾಲು ಎಷ್ಟಿರಬೇಕೆಂದು ವಾದಿಸಬಹುದು. ಆದರೆ ವಾದಿಸಲು ಅದು ಕಣ್ಣೆದುರಿಗಿದೆ. ವೈದ್ಯಕೀಯ ಸೀಟುಗಳಿಗೆ ಮುಂದೆ ರಾಷ್ಟ್ರಮಟ್ಟದ ನೀಟ್ ಪರೀಕ್ಷೆ ಆಧಾರವಾಯಿತು. ಇಂಜಿನಿಯರಿಂಗಿಗೆ ಸಮಪಾಲಿನ ಸೂತ್ರ ಉಳಿಯಿತು.

ಅಳತೆಗೋಲು ಕೆಟ್ಟಾಗ

ಹಾಗಾದರೆ ಸೂತ್ರವೊಂದಿದ್ದರೆ ನ್ಯಾಯ ತಾನಾಗಿಯೇ ಆಗುತ್ತದೆಯೇ? ಇಲ್ಲ. ಅದನ್ನು ಕೋವಿಡ್ ತೋರಿಸಿಕೊಟ್ಟಿತು.

2021ರಲ್ಲಿ ದ್ವಿತೀಯ ಪಿಯುಸಿಗೆ ಎಂದಿನಂತೆ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಮತ್ತು ಆಂತರಿಕ ಸಾಧನೆಗಳ ಆಧಾರದ ಮೇಲೆ ಅಂಕ ಕೊಡಲಾಯಿತು. 2,239 ವಿದ್ಯಾರ್ಥಿಗಳಿಗೆ 600ಕ್ಕೆ 600 ಬಂದಿತು. ಆ ವರ್ಷ ಪಿಯುಸಿ ಅಂಕವನ್ನು ಬಿಟ್ಟು ಸಿಇಟಿ ಅಂಕದ ಮೇಲೆ ಮಾತ್ರ ಶ್ರೇಯಾಂಕ ನೀಡಿದರು. ಎಲ್ಲರಿಗೂ ಒಂದೇ ಅಳತೆಗೋಲಾದ್ದರಿಂದ ತೊಡಕು ಬರಲಿಲ್ಲ. ತೊಡಕು ಬಂದದ್ದು 2022ರಲ್ಲಿ. 2021ರಲ್ಲಿ ಪಿಯುಸಿ ಮುಗಿಸಿದ್ದ ಸುಮಾರು 24,000 ಮಂದಿ ಮತ್ತೆ ಸಿಇಟಿ ಬರೆದರು. ಹೊಸಬರಿಗೆ ಪಿಯುಸಿ ಮತ್ತು ಸಿಇಟಿಗಳ ಸಮಪಾಲು. ಈ ಹಳಬರಿಗೆ ಮಾತ್ರ ಪಿಯುಸಿ ಅಂಕ ಲೆಕ್ಕಕ್ಕಿಲ್ಲ, ಸಿಇಟಿಯೊಂದೇ ಎಂದು ಪ್ರಾಧಿಕಾರ ತೀರ್ಮಾನಿಸಿತು. ಇದರಿಂದ ಅವರ ಶ್ರೇಯಾಂಕಗಳು ಬಹಳ ಕೆಳಗೆ ಬಿದ್ದವು.

ಕಾರಣವನ್ನು ಮೇಲಿನ ಉದಾಹರಣೆಯಲ್ಲೇ ಕಾಣಬಹುದು. ಶೇಕಡಾ 92 ಮತ್ತು 65 ಪಡೆದವನ ಸರಾಸರಿ 78.5. ಪಿಯುಸಿಯನ್ನು ಬಿಟ್ಟರೆ ಅವನ ಅಂಕ 65. ಅವನ ಸಾಮರ್ಥ್ಯದಲ್ಲಿ ವ್ಯತ್ಯಾಸವಿಲ್ಲ. ಎರಡು ಬೇರೆ ಅಳತೆಗೋಲುಗಳಿಂದ ಅಳೆದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇ ಸಮಸ್ಯೆ. ಪರೀಕ್ಷೆಯಿಲ್ಲದೆ ಬಂದ ಅಂಕಗಳನ್ನು ಪೂರ್ತಿಯಾಗಿ ಕೂಡಿದ್ದರೆ, ಪರೀಕ್ಷೆ ಬರೆದು ಬಂದ ಹೊಸಬರಿಗೆ ಅನ್ಯಾಯವಾಗುತ್ತಿತ್ತು ಎಂಬ ಪ್ರಾಧಿಕಾರದ ವಾದದಲ್ಲಿಯೂ ಹುರುಳಿತ್ತು.

ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್ ಆರಂಭದಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪು ನೀಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಸಮಿತಿಯೊಂದು ಕೊಟ್ಟ ಸೂತ್ರವನ್ನು ನ್ಯಾಯಾಲಯ ಒಪ್ಪಿತು: 2021ರವರ ಪಿಯುಸಿ ಅಂಕಗಳಿಂದ ಪ್ರತಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು, ಉಳಿದದ್ದನ್ನು ಎಂದಿನಂತೆ ಸಿಇಟಿಯೊಡನೆ ಕೂಡುವುದು. ನಮ್ಮ ಉದಾಹರಣೆಯವನಿಗೆ ಈಗ 86 ಮತ್ತು 65, ಸರಾಸರಿ 75.5. ಅಕ್ಟೋಬರಿನಲ್ಲಿ ಪರಿಷ್ಕೃತ ಪಟ್ಟಿ ಹೊರಬಂತು. ಸೀಟಿಗಾಗಿ ಕಾಯುತ್ತಿದ್ದ ಸಾವಿರಾರು ಮನೆಗಳಲ್ಲಿ ಅಷ್ಟು ದಿನವೂ ಆತಂಕ.

ಇದರಲ್ಲಿ ಎರಡು ಪಾಠಗಳಿವೆ. ಕೂಡುವ ಮೊದಲು ಅಳತೆಗಳನ್ನು ಒಂದೇ ಮಟ್ಟಕ್ಕೆ ತರಬೇಕು, ಇದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು. ಸೂತ್ರ ಬಹಿರಂಗವಾಗಿದ್ದುದರಿಂದಲೇ ತಪ್ಪು ಎಲ್ಲಿದೆ ಎಂದು ವಿದ್ಯಾರ್ಥಿಗಳು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಒಂದು ಸಂಖ್ಯೆಯನ್ನು ಬದಲಿಸಿ ಅದನ್ನು ಸರಿಪಡಿಸಲೂ ಸಾಧ್ಯವಾಯಿತು. ಸಂದರ್ಶಕನ ಮನಸ್ಸಿನೊಳಗಿನ ತೂಕವನ್ನು ಹೀಗೆ ತಿದ್ದುವುದು ಹೇಗೆ?

ಈಗ ಆಯ್ಕೆ ನಿಮ್ಮದು

ಶ್ರೇಯಾಂಕ ಬಂದ ಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ಈಗ ತೂಗಬೇಕಾದವನು ವಿದ್ಯಾರ್ಥಿ. ಮೊದಲ ವರ್ಷಗಳಲ್ಲಿ ಅಭ್ಯರ್ಥಿಗಳು ತಂದೆತಾಯಿಯೊಡನೆ ಖುದ್ದಾಗಿ ಬಂದು, ಉಳಿದಿರುವ ಸೀಟುಗಳನ್ನು ನೋಡಿ ಅಲ್ಲೇ ಆರಿಸಿಕೊಳ್ಳಬೇಕಿತ್ತು. ಈಗ ಕಾಲೇಜು ಮತ್ತು ವಿಭಾಗಗಳ ಆದ್ಯತಾ ಪಟ್ಟಿಯನ್ನು ಗಣಕದಲ್ಲಿ ತುಂಬುತ್ತಾರೆ. ಶುಲ್ಕ, ದೂರ, ವಿಭಾಗ, ಕಾಲೇಜಿನ ಹೆಸರು, ಹಾಸ್ಟೆಲ್, ಕೆಲಸ ಸಿಗುವ ಸಂಭವ ಹೀಗೆ ಮಾನದಂಡಗಳು ಆರೇಳು, ಆಯ್ಕೆಗಳು ನೂರಾರು.

ಇಂಥಲ್ಲಿ ಜನ ಪೂರ್ತಿ ಕೂಡುಲೆಕ್ಕ ಮಾಡುವುದಿಲ್ಲ. ಸುಲಭ ಸೂತ್ರಗಳಿಗೆ ಮೊರೆಹೋಗುತ್ತಾರೆ. 'ಕಂಪ್ಯೂಟರ್ ವಿಭಾಗ ಅಲ್ಲದ್ದೆಲ್ಲ ಬಿಡು, ಆಮೇಲೆ ಶುಲ್ಕ ಹೆಚ್ಚಿರುವುದನ್ನು ಬಿಡು' ಎಂದು ಒಂದೊಂದೇ ಮಾನದಂಡದಿಂದ ಜರಡಿ ಹಿಡಿಯುವುದನ್ನು ಏಮಸ್ ಟ್ವರ್ಸ್ಕಿ 1972ರಲ್ಲಿ ವಿವರಿಸಿದ. ಇದು ಕೆಟ್ಟ ವಿಧಾನವೇನಲ್ಲ. ಮುಖ್ಯವಾದ ಒಂದೇ ಸುಳಿವನ್ನು ನಂಬಿ ನಿರ್ಧರಿಸುವ ಸೂತ್ರಗಳು ಎಷ್ಟೋ ಸಲ ದೊಡ್ಡ ಲೆಕ್ಕಗಳಿಗೆ ಸರಿಸಮನಾಗಿ ನಿಲ್ಲುತ್ತವೆ ಎಂದು 1996ರಲ್ಲಿ ಗಿಗೆರೆಂಜರ್ ಮತ್ತು ಗೋಲ್ಡ್‌ಸ್ಟೈನ್ ತೋರಿಸಿದ್ದಾರೆ. ಆದರೆ ಸುಲಭ ಸೂತ್ರದಲ್ಲಿ ಒಂದು ಗುಂಡಿ ಇದೆ. ಈ ಪಟ್ಟಿ ನೋಡಿ:

ಕಾಲೇಜು ಕ: ಶುಲ್ಕ 60 ಸಾವಿರ, ದೂರ 12 ಕಿ.ಮೀ.
ಕಾಲೇಜು ಖ: ಶುಲ್ಕ 75 ಸಾವಿರ, ದೂರ 7 ಕಿ.ಮೀ.
ಕಾಲೇಜು ಗ: ಶುಲ್ಕ 90 ಸಾವಿರ, ದೂರ 3 ಕಿ.ಮೀ.

ಚಾಮರಾಜಪೇಟೆಯ ಒಂದು ಮನೆಯವರ ಸೂತ್ರ ಹೀಗಿದೆ ಎನ್ನಿ: 'ಶುಲ್ಕದ ವ್ಯತ್ಯಾಸ 20 ಸಾವಿರದೊಳಗಿದ್ದರೆ ಹತ್ತಿರದ್ದು, ಹೆಚ್ಚಿದ್ದರೆ ಅಗ್ಗದ್ದು.' ಕೇಳಲು ವಿವೇಕದ ಮಾತೇ. ಕ ಮತ್ತು ಖ ಹೋಲಿಸಿದರೆ ವ್ಯತ್ಯಾಸ 15 ಸಾವಿರ. ಹತ್ತಿರದ ಖ ಮೇಲು. ಖ ಮತ್ತು ಗ ಹೋಲಿಸಿದರೆ ಮತ್ತೆ 15 ಸಾವಿರ, ಗ ಮೇಲು. ಗ ಮತ್ತು ಕ ಹೋಲಿಸಿದರೆ 30 ಸಾವಿರ. ಅಗ್ಗದ ಕ ಮೇಲು. ಖ ಕ್ಕಿಂತ ಗ ಮೇಲು, ಗ ಕ್ಕಿಂತ ಕ ಮೇಲು, ಕ ಕ್ಕಿಂತ ಖ ಮೇಲು! ಪಟ್ಟಿಯ ತುದಿಯಲ್ಲಿ ಯಾವುದನ್ನು ಬರೆಯುವುದು? 1969ರಲ್ಲಿ ಟ್ವರ್ಸ್ಕಿ ಇದೇ ಬಗೆಯ ಪ್ರಯೋಗ ನಡೆಸಿ, ವಿವೇಕಿಗಳೂ ಅರಿವಿಲ್ಲದೆ ಹೀಗೆ ಸುತ್ತು ಹೊಡೆಯುತ್ತಾರೆ ಎಂದು ತೋರಿಸಿದ. ಆ ಪ್ರಯೋಗಗಳಲ್ಲಿ ಒಂದಕ್ಕೆ ಅವನು ಆರಿಸಿಕೊಂಡ ವಸ್ತು ಕಾಲೇಜು ಪ್ರವೇಶಕ್ಕೆ ಅರ್ಜಿ ಹಾಕಿದ ಕಾಲ್ಪನಿಕ ವಿದ್ಯಾರ್ಥಿಗಳು ಎಂಬುದು ನಮಗೆ ಸ್ವಾರಸ್ಯದ ಸಂಗತಿ. ಪರಿಹಾರ ಫ್ರಾಂಕ್ಲಿನ್ ಹೇಳಿದ್ದೇ: ಜೋಡಿ ಜೋಡಿಯಾಗಿ ಹೋಲಿಸುವ ಬದಲು ಪ್ರತಿಯೊಂದು ಕಾಲೇಜಿಗೂ ಎಲ್ಲ ಮಾನದಂಡಗಳಲ್ಲಿ ಅಂಕ ಕೊಟ್ಟು, ಕಾಗದದ ಮೇಲೆ ಕೂಡಿ ನೋಡುವುದು.

ಅಧ್ಯಾಪಕರಾದ ನಿಮ್ಮನ್ನು ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಕೇಳಬಹುದು: 'ಸಿಗಲಾರದ ಕಾಲೇಜನ್ನು ಮೊದಲು ಬರೆದರೆ ಸಿಗುವುದೂ ಕೈತಪ್ಪೀತೇ?' ಶ್ರೇಯಾಂಕದ ಕ್ರಮದಲ್ಲಿ, ಪಟ್ಟಿಯಲ್ಲಿ ಮೊದಲು ಲಭ್ಯವಿರುವ ಸೀಟನ್ನು ಕೊಡುವ ಹಂಚಿಕೆಯಲ್ಲಿ ಹಾಗಾಗದು. ಮೇಲಿನದು ಸಿಗದಿದ್ದರೆ ಗಣಕ ಮುಂದಿನದನ್ನು ನೋಡುತ್ತದೆ, ಅಷ್ಟೆ. ಆದ್ದರಿಂದ ಮನಸ್ಸಿನಲ್ಲಿರುವ ನಿಜವಾದ ಕ್ರಮವನ್ನೇ ಬರೆಯುವುದು ಲೇಸು.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. 20 ಕಾಲ್ಪನಿಕ ಅಭ್ಯರ್ಥಿಗಳ ವಿವರವನ್ನು ಒಂದೊಂದು ಚೀಟಿಯಲ್ಲಿ ಬರೆಯಿರಿ: ಪರೀಕ್ಷಾ ಅಂಕ, ಹಾಜರಿ, ಆಟೋಟ, ಚರ್ಚೆ. ಎರಡು ಮೂರು ಅಭ್ಯರ್ಥಿಗಳ ವಿವರವನ್ನು ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಸೇರಿಸಿರಿ. ವಿದ್ಯಾರ್ಥಿಗಳು ತಮ್ಮ ತೂಕಗಳನ್ನು ಮೊದಲೇ ಬರೆದಿಟ್ಟು, ಅನಂತರ ಲೆಕ್ಕಹಾಕದೆ ಮನಸ್ಸಿನಿಂದಲೇ ಪ್ರತಿಯೊಬ್ಬರಿಗೂ ನೂರಕ್ಕೆ ಅಂಕ ಕೊಡಲಿ. ವಾರದ ಬಳಿಕ ಚೀಟಿಗಳ ಕ್ರಮ ಬದಲಿಸಿ ಮತ್ತೆ ಕೊಡಿಸಿ. ಈಗ ಮೂರನ್ನು ಹೋಲಿಸಿ: ಮೊದಲ ಸಲದ ಅಂಕ, ಎರಡನೆಯ ಸಲದ ಅಂಕ, ಅವರದೇ ತೂಕದಿಂದ ಲೆಕ್ಕಹಾಕಿದ ಅಂಕ. ಹೆಸರು ಬದಲಾದ ಅದೇ ಅಭ್ಯರ್ಥಿಗೆ ಎಷ್ಟು ವ್ಯತ್ಯಾಸ ಬಂದಿದೆ ಎಂಬುದನ್ನೂ ನೋಡಿ. ಸಹಸಂಬಂಧ ಎಂದರೇನು ಎಂಬುದನ್ನು ಕಲಿಸಲು ಇದು ಒಳ್ಳೆಯ ದಾರಿ.

ಸೂತ್ರಕ್ಕೂ ಮಿತಿಯಿದೆ. ಅದರೊಳಗೆ ಇಲ್ಲದ್ದು ಅದಕ್ಕೆ ಕಾಣುವುದಿಲ್ಲ. ಮೀಲ್ ಕೊಟ್ಟ ಉದಾಹರಣೆಯೊಂದಿದೆ: ಪ್ರತಿವಾರವೂ ಸಿನಿಮಾಕ್ಕೆ ಹೋಗುವ ವ್ಯಕ್ತಿ ಈ ವಾರವೂ ಹೋಗುತ್ತಾನೆ ಎಂದು ಸೂತ್ರ ಹೇಳುತ್ತದೆ, ಅವನ ಕಾಲು ಮುರಿದಿದೆ ಎಂಬುದು ಕಂಡವನಿಗೆ ಮಾತ್ರ ಗೊತ್ತು. ಅಂಥ ಸಂದರ್ಭದಲ್ಲಿ ಸೂತ್ರವನ್ನು ಬದಿಗಿಡಬೇಕು. ಆದರೆ ಮನುಷ್ಯರು ಕಾಲು ಮುರಿಯದಿದ್ದಾಗಲೂ 'ಇದು ವಿಶೇಷ ಪ್ರಸಂಗ' ಎಂದು ಭಾವಿಸಿ ಸೂತ್ರವನ್ನು ಮೀರುತ್ತಾರೆ ಎಂಬುದೇ ಅನುಭವ.

ಯಾವುದನ್ನು ಅಳೆಯಬೇಕು, ಅಳತೆಗೋಲು ನೆಟ್ಟಗಿದೆಯೇ ಎಂದು ನಿರ್ಧರಿಸುವ ಕೆಲಸ ಮನುಷ್ಯನದು. ಅದನ್ನು ಅವನು ಚೆನ್ನಾಗಿ ಮಾಡಬಲ್ಲ. ಕೂಡುವ ಕೆಲಸವನ್ನು ಕಾಗದಕ್ಕೆ ಬಿಡುವುದು ಒಳಿತು. 1963ರಲ್ಲಿ ಕೂಡುವ ಕೆಲಸವನ್ನು ಮನಸ್ಸಿಗೆ ಬಿಟ್ಟೆವು. 2022ರಲ್ಲಿ ಅಳತೆಗೋಲನ್ನು ಪರೀಕ್ಷಿಸದೆ ಬಿಟ್ಟೆವು. ಎರಡೂ ಸಲ ಬೆಲೆ ತೆತ್ತವರು ಹದಿನೆಂಟರ ಆಸುಪಾಸಿನ ಮಕ್ಕಳು. ಮುಂದಿನ ಸಲ ನೀವು ಯಾವುದಾದರೂ ಆಯ್ಕೆ ಸಮಿತಿಯಲ್ಲಿ ಕುಳಿತಾಗ, ಅದು ಶಾಲೆಯ ವಿಜ್ಞಾನ ಪ್ರದರ್ಶನದ ಬಹುಮಾನಕ್ಕೇ ಆಗಿರಲಿ, ಮೊದಲ ಸ್ಪರ್ಧಿ ಒಳಬರುವ ಮೊದಲೇ ಮಾನದಂಡಗಳನ್ನೂ ತೂಕಗಳನ್ನೂ ಬರೆದಿಡಿ.